ಅರವತ್ತೆಂಟು ಡಿಗ್ರಿಯ ಗೋಡೆ

ಮೊಮ್ಮಗಳು ಮೇಘ ಮೊನ್ನೆ ಭಾನುವಾರ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟಳು. "ಪಾಟಿ, ನೀ ಒರು ವೀಡು ಪೋಡು" ಎಂದಳು. ಅಜ್ಜಿ, ನೀನೊಂದು ಮನೆ ಬರಿ ಎಂದು ಅದರ ಅರ್ಥ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ನಮ್ಮಿಬ್ಬರ ನಡುವೆ ಇದು ಹದಿನಾರು ವರ್ಷಗಳಿಂದ ಜಗಳವಿಲ್ಲದೆ ನಡೆದುಬಂದಿರುವ ವ್ಯವಸ್ಥೆ.

ಮನೆಯ ನಕ್ಷೆ ಬರೆಯುವುದಕ್ಕೆಂದೇ ಇರುವ ಸಾಫ್ಟ್‌ವೇರ್ ಅದು. ಎಳೆದರೆ ಗೋಡೆ, ಒತ್ತಿದರೆ ಬಾಗಿಲು. ಕೈಗೆ ಮಸಿಯಿಲ್ಲ, ಸೊಂಟಕ್ಕೆ ನೋವಿಲ್ಲ. ಹಾಲ್ ಆಯಿತು, ಅಡಿಗೆಮನೆ ಆಯಿತು, ದೇವರ ಕೋಣೆಯೂ ಆಯಿತು. ಇಷ್ಟು ಸಲೀಸಾಗಿ ಕೆಲಸ ಆಗುತ್ತಿದ್ದರೆ ನಾನು ಹದಿನೆಂಟು ವರ್ಷ ಯಾಕೆ ಬೆನ್ನು ಬಗ್ಗಿಸಿದೆ ಎಂದು ಸಣ್ಣಗೆ ಹೊಟ್ಟೆ ಉರಿಯಿತು. ಆಮೇಲೆ ಮನೆಯ ಮುಂಭಾಗಕ್ಕೆ ಬಂದೆ. ಅಲ್ಲಿ ಬೇ ವಿಂಡೋ ಇಡಬೇಕಿತ್ತು. ಗೋಡೆಯಿಂದ ಹೊರಕ್ಕೆ ಉಬ್ಬಿ, ಎದುರಿಗೊಂದು ಕಿಟಕಿ, ಎರಡು ಪಕ್ಕಕ್ಕೆ ಓರೆಗೋಡೆಗಳಲ್ಲಿ ಒಂದೊಂದು ಕಿಟಕಿ ಇರುತ್ತದಲ್ಲ, ಅದು. ಎಡಗಡೆಯ ಓರೆಗೋಡೆಯನ್ನು ಅರವತ್ತೆಂಟು ಡಿಗ್ರಿಗೆ ಎಳೆದೆ. ಅದು ಎಪ್ಪತ್ತೈದಕ್ಕೆ ಜಿಗಿಯಿತು. ಹಿಂದಕ್ಕೆಳೆದೆ, ಅರವತ್ತಕ್ಕೆ ಬಂದು ಕೂತಿತು. ನಡುವೆ ನಿಲ್ಲು ಎಂದರೆ ನಿಲ್ಲದು. ಸಾಲದ್ದಕ್ಕೆ ಒಂದು ಮೂಲೆಯಲ್ಲಿ ಅರವತ್ತು ಎಂದು ತೋರಿಸಿ, ಇನ್ನೊಂದು ಮೂಲೆಯಲ್ಲಿ ನೂರ ಇಪ್ಪತ್ತು ಎಂದು ತೋರಿಸುತ್ತದೆ. ನಾನು ಹೇಳಿದ್ದು ಒಂದು, ಅದು ಕೇಳಿಸಿಕೊಂಡದ್ದು ಇನ್ನೊಂದು. ಇಂಥ ಸಂಬಂಧ ನನಗೆ ಹೊಸದಲ್ಲ, ನಲವತ್ತು ವರ್ಷ ಸಂಸಾರ ಮಾಡಿದವಳು.

"ಅದು ತಾನಾ ಸ್ನ್ಯಾಪ್ ಆಗುಂ ಪಾಟಿ" ಎಂದಳು ಮೇಘ. ಅದಾಗಿಯೇ ಹತ್ತಿರದ ಒಳ್ಳೆಯ ಕೋನಕ್ಕೆ ಅಂಟಿಕೊಳ್ಳುತ್ತದಂತೆ. ಒಳ್ಳೆಯ ಕೋನವಂತೆ! ನನಗೆ ಥಟ್ಟನೆ ನಮ್ಮ ವರದನ್ ಸಾರ್ ಜ್ಞಾಪಕಕ್ಕೆ ಬಂದರು. ಅವರೂ ಹೀಗೆಯೇ ಅಂಟಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಊರಿಗೆ ಇನ್ನೂ ಮದರಾಸು ಎಂದೇ ಹೆಸರು. ನುಂಗಂಬಾಕ್ಕಂನ ಒಂದು ಹಳೆಯ ಮನೆಯ ಮಹಡಿಯಲ್ಲಿ ವರದನ್ ಸಾರ್ ಅವರ ಆರ್ಕಿಟೆಕ್ಟ್ ಆಫೀಸಿತ್ತು. ನಾನು ಅಲ್ಲಿ ಟ್ರೇಸರ್. ಅವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಹಾಸಿ, ಮಸಿಯಲ್ಲಿ ತಿದ್ದುವುದು ನನ್ನ ಕೆಲಸ. ನಮ್ಮಪ್ಪ ರೈಲ್ವೆಯವರು, ತುಮಕೂರು ಕಡೆಯಿಂದ ಬಂದು ಪೆರಂಬೂರಿನಲ್ಲಿ ಬೇರುಬಿಟ್ಟವರು. ಮಗಳು ಏನು ಮಾಡ್ತಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ, "ಏನೋ ಮನೆಗಳ ಮೇಲೆ ಕಾಗದ ಇಟ್ಕೊಂಡು ಗೀಚ್ತಾಳೆ, ರಂಗೋಲಿ ಇದ್ದಂಗೆ" ಎನ್ನುತ್ತಿದ್ದರು. ಅದು ಅಷ್ಟೇನೂ ತಪ್ಪಲ್ಲ.

ಮದರಾಸಿನ ಸೆಕೆಯಲ್ಲಿ ಟ್ರೇಸಿಂಗ್ ಮಾಡುವುದೆಂದರೆ ಏನೆಂದು ನೀವು ಕೇಳಬೇಕು. ಮಣಿಕಟ್ಟಿನ ಬೆವರು ಕಾಗದಕ್ಕೆ ತಾಗಿದರೆ ಕಾಗದ ಉಬ್ಬುತ್ತದೆ, ಮಸಿ ಹರಡುತ್ತದೆ. ಅದಕ್ಕೆ ನಾವು ಕೈಗೆಲ್ಲ ಟಾಲ್ಕಂ ಪೌಡರ್ ಬಳಿದುಕೊಳ್ಳುತ್ತಿದ್ದೆವು. ಐದು ಜನ ದೊಡ್ಡವರು ಕೂತು ಕೆಲಸ ಮಾಡುವ ಆ ಆಫೀಸು ಆಗತಾನೇ ಸ್ನಾನ ಮಾಡಿಸಿದ ಕೂಸಿನ ಹಾಗೆ ಘಮಘಮಿಸುತ್ತಿತ್ತು. ತಪ್ಪು ಗೆರೆ ಬಿದ್ದರೆ ಬ್ಲೇಡಿನಿಂದ ಕೆರೆಯಬೇಕು. ಒಂದು ಜಾಗದಲ್ಲಿ ಎರಡು ಸಲ ಕೆರೆಯಬಹುದು, ಮೂರನೆಯ ಸಲಕ್ಕೆ ತೂತು. ಹೀಗಾಗಿ ನಮ್ಮ ಕಾಲದಲ್ಲಿ ಮನಸ್ಸು ಬದಲಾಯಿಸುವ ಅವಕಾಶ ಗೋಡೆಯೊಂದಕ್ಕೆ ಎರಡೇ ಸಲ ಇತ್ತು.

ಕೋನಗಳೂ ಅಷ್ಟೆ. ಮೇಜಿನ ಮೇಲೆ ಎರಡು ಸೆಟ್‌ಸ್ಕ್ವೇರುಗಳು. ಒಂದರಲ್ಲಿ ನಲವತ್ತೈದು ಡಿಗ್ರಿ, ಇನ್ನೊಂದರಲ್ಲಿ ಮೂವತ್ತು ಮತ್ತು ಅರವತ್ತು. ಎರಡನ್ನೂ ಜೋಡಿಸಿದರೆ ಎಪ್ಪತ್ತೈದು. ದೇವರು ಸೃಷ್ಟಿಸಿದ ಕೋನಗಳು ಇಷ್ಟೇ ಎಂದು ನಾವು ನಂಬಿದ್ದೆವು. ಬೇರೆ ಕೋನ ಬೇಕೆಂದವನು ಒಂದೋ ಹುಚ್ಚ, ಇಲ್ಲವೇ ಹಣವಂತ.

ಅಲ್ಲಿಗೆ ಅನಂತಯ್ಯ ಮತ್ತು ಗಿರಿಜಕ್ಕ ಬಂದರು. ಅನಂತಯ್ಯನವರದು ಸೌಕಾರ್‌ಪೇಟೆಯಲ್ಲಿ ಹೋಟೆಲು, ಮೂಲ ಉಡುಪಿ ಕಡೆ. ಹೋಟೆಲಿನ ಮೇಲಿನ ಎರಡು ಕೋಣೆಗಳಲ್ಲಿ ಗಂಡಹೆಂಡತಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿ, ಈಗ ಅಣ್ಣಾ ನಗರದಲ್ಲಿ ಸೈಟು ಮಾಡಿಕೊಂಡು ಮನೆ ಕಟ್ಟಿಸುವ ಉಮೇದಿನಲ್ಲಿದ್ದರು. ವರದನ್ ಸಾರ್ ತಮಿಳರು. ಬಂದವರು ಕನ್ನಡದವರು ಎಂದು ನನ್ನನ್ನು ದುಭಾಷಿಯಾಗಿ ಕೂರಿಸಿದರು. ಅನಂತಯ್ಯ ಒಳ್ಳೆಯ ತಮಿಳಿನಲ್ಲಿ ಎಲ್ಲ ಮಾತಾಡಿ ಮುಗಿಸಿದ್ದರಿಂದ ದುಭಾಷಿಗೆ ಕೆಲಸವಿರಲಿಲ್ಲ. ಗಿರಿಜಕ್ಕ ಮಾತ್ರ ಎರಡು ತಾಸು ತುಟಿ ಬಿಚ್ಚಲಿಲ್ಲ. ಹೊರಡುವಾಗ ನನ್ನ ಮೇಜಿನ ಬಳಿ ನಿಂತು ಮೆಲ್ಲಗೆ ಹೇಳಿದರು.

"ನೋಡು ಮಾರಾಯ್ತಿ, ಇಲ್ಲಿಗೆ ಬರುವಾಗ ಬಸ್ಸಿನಿಂದ ಒಂದು ಬಂಗಲೆ ಕಂಡೆ. ದೊರೆಗಳದ್ದು ಇರಬೇಕು. ಎದುರಿಗೆ ಕಿಟಕಿ ಹೊರಗೆ ಬಂದಿದೆ, ಹೊಟ್ಟೆ ಬಂದ ಹಾಗೆ. ಒಳಗೆ ಒಂದು ನಾಯಿ ಕೂತ್ಕೊಂಡು ಮಾರ್ಗ ನೋಡ್ತಾ ಉಂಟು. ಆ ನಾಯಿಗೆ ಉಂಟು, ನಂಗೆ ಇಲ್ವಾ?"

ಸೌಕಾರ್‌ಪೇಟೆಯ ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಬಟ್ಟೆ ಗೋದಾಮಿನ ಗೋಡೆ. ರಸ್ತೆ ಕಾಣಬೇಕೆಂದರೆ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಕತ್ತು ಓರೆ ಮಾಡಬೇಕು. ಬಾಗಿಲು ಬಡಿದ ಮೇಲಷ್ಟೇ ಯಾರು ಬಂದರೆಂದು ತಿಳಿಯುವುದು. "ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಬರುದನ್ನು ನಾನು ನೋಡ್ಲಿಲ್ಲ. ಬಂದದ್ದನ್ನು ಮಾತ್ರ ನೋಡಿದ್ದು" ಎಂದರು ಗಿರಿಜಕ್ಕ. ಹೊಸ ಮನೆಯಲ್ಲಿ ಅವರಿಗೆ ಬೇಕಾದದ್ದು ಒಂದೇ. ಬೀದಿಯ ಎಡತುದಿಯಲ್ಲಿ ಬಸ್ ಸ್ಟಾಪ್ ಇದೆ. ಕೂತಲ್ಲಿಂದ ಅದು ಕಾಣಬೇಕು. ಬರುವವರು ಬಸ್ಸಿಂದ ಇಳಿಯುವುದು ಕಾಣಬೇಕು.

ನಾನು ಧಾರಾಳವಾಗಿ, "ಅದಕ್ಕೇನಕ್ಕ, ಮಾಡೋಣ" ಎಂದುಬಿಟ್ಟೆ. ಟ್ರೇಸರುಗಳು ಹೀಗೆ ಮಾತು ಕೊಡುವ ಪದ್ಧತಿ ಇಲ್ಲ. ಆದರೆ ಆ ಹೊತ್ತಿನವರೆಗೆ ಯಾರೂ ನನ್ನನ್ನು ಒಂದು ಗೋಡೆಯ ಬಗ್ಗೆ ಏನನ್ನೂ ಕೇಳಿರಲಿಲ್ಲ ನೋಡಿ, ತಲೆ ಸ್ವಲ್ಪ ತಿರುಗಿತ್ತು.

ವರದನ್ ಸಾರ್ ಅವರಿಗೆ ಬೇ ವಿಂಡೋ ಎಂದ ಕೂಡಲೇ ಖುಷಿಯಾಯಿತು. ಹಾಲಿನ ಉದ್ದ ಹನ್ನೊಂದು ಅಡಿ, ಹೊರಗೆ ಉಬ್ಬುವುದು ಎರಡು ಅಡಿ ಎಂದು ಗೀಚಿ ಕೊಟ್ಟರು. ನಕ್ಷೆ ನೋಡಿದ ಅನಂತಯ್ಯ ಅಂಗಿಯ ಜೇಬಿನಿಂದ ಎಣ್ಣೆ ಹತ್ತಿದ ಒಂದು ಪುಟ್ಟ ಪುಸ್ತಕ ತೆಗೆದರು. ಮನೆಯಡಿ ಶಾಸ್ತ್ರ! ತಮಿಳುನಾಡಿನಲ್ಲಿ ಮನೆ ಕಟ್ಟುವವರಿಗೆ ಅದು ಪಂಚಾಂಗಕ್ಕಿಂತ ಹೆಚ್ಚು. ಕೋಣೆಯ ಒಳ ಅಳತೆ ಇಷ್ಟು ಅಡಿಯಾದರೆ ಇಂಥ ಫಲ ಎಂದು ಅದರಲ್ಲಿ ಪಟ್ಟಿ ಇರುತ್ತದೆ. ಅವರ ಪುಸ್ತಕದಲ್ಲಿ ಹನ್ನೊಂದು ಅಡಿಗೆ ಸುಖ, ಸಂತಾನ. ಹನ್ನೊಂದಕ್ಕೆ ಎರಡು ಸೇರಿ ಹದಿಮೂರಾದರೆ ಶತ್ರುಭಯ.

"ಹೋಟೆಲು ಲೈನಿನಲ್ಲಿ ಶತ್ರುಗಳು ಧಾರಾಳ ಇದ್ದಾರೆ. ಮನೆಯಲ್ಲೂ ಬೇಡ. ಗೋಡೆ ನೇರ ಇರಲಿ" ಎಂದರು ಅನಂತಯ್ಯ. ಗಿರಿಜಕ್ಕ ನನ್ನ ಮುಖ ನೋಡಿದರು. ಮಾತು ಕೊಟ್ಟವಳು ನಾನಲ್ಲವೇ.

ಆ ರಾತ್ರಿ ಊಟಕ್ಕೆ ಕೂತಾಗ ನನಗೆ ಬುದ್ಧಿ ಹೊಳೆಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ ಹೊಳೆದದ್ದು ಮಾರನೆಯ ದಿನ, ವರದನ್ ಸಾರ್ ಟೀಗೆ ಹೋದಾಗ, ನಾನು ಕಿಟಕಿಯ ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುವಾಗ. ಶಾಸ್ತ್ರ ಅಳೆಯುವುದು ನೆಲವನ್ನು. ಬೇ ವಿಂಡೋದ ಒಳಗೆ ನೆಲವೇ ಇಲ್ಲದಿದ್ದರೆ? ಒಂದೂವರೆ ಅಡಿ ಎತ್ತರಕ್ಕೆ ಕಲ್ಲುಮಣ್ಣು ತುಂಬಿ ಜಗಲಿ ಮಾಡಿಬಿಟ್ಟರೆ ನೆಲ ಹನ್ನೊಂದು ಅಡಿಗೇ ಮುಗಿಯಿತು. ಉಳಿದದ್ದು ಕಾಲಿಡುವ ಜಾಗವಲ್ಲ, ಕೂರುವ ಜಾಗ. ಅನಂತಯ್ಯ ಪುಸ್ತಕವನ್ನು ಹಿಂದೆಮುಂದೆ ತಿರುವಿ ನೋಡಿದರು. ಜಗಲಿಯ ಬಗ್ಗೆ ಅದು ಏನೂ ಹೇಳಿರಲಿಲ್ಲ. "ಈ ಹುಡುಗಿ ವಕೀಲಿ ಓದಬೇಕಿತ್ತು" ಎಂದು ಒಪ್ಪಿದರು.

ಈ ಗೆಲುವಿನ ಅಮಲಿನಲ್ಲಿ ನಾನು ಮಾಡಿದ ತಪ್ಪನ್ನು ಈಗ ಹೇಳಿಬಿಡುತ್ತೇನೆ. ಓರೆಗೋಡೆಗಳ ಕೋನವನ್ನು ವರದನ್ ಸಾರ್ ನನಗೇ ಬಿಟ್ಟಿದ್ದರು. ನಾನು ಕೈಗೆ ಸಿಕ್ಕಿದ ಸೆಟ್‌ಸ್ಕ್ವೇರ್ ಎತ್ತಿ ಎರಡೂ ಕಡೆ ನಲವತ್ತೈದು ಎಳೆದೆ. ಯಾಕೆ ನಲವತ್ತೈದು? ಸೆಟ್‌ಸ್ಕ್ವೇರಿನಲ್ಲಿ ಅದು ಇತ್ತು, ಅದಕ್ಕೆ. ಬಸ್ ಸ್ಟಾಪ್ ಎಲ್ಲಿದೆ ಎಂದು ಯೋಚಿಸಲಿಲ್ಲ. ಯೋಚಿಸಿದರೂ ಗುರುತು ಹಾಕಲು ಜಾಗವಿರಲಿಲ್ಲ, ಯಾಕೆಂದರೆ ನಮ್ಮ ಹಾಳೆ ಕಾಂಪೌಂಡ್ ಗೋಡೆಗೆ ಮುಗಿಯುತ್ತಿತ್ತು. ಅದರಾಚೆಗಿನ ಪ್ರಪಂಚ ನಮ್ಮ ಆಫೀಸಿಗೆ ಸಂಬಂಧಪಟ್ಟದ್ದಲ್ಲ. ಗಿರಿಜಕ್ಕ ನನಗೆ ಹೇಳಿದ್ದೆಲ್ಲ ಆ ಆಚೆಯದ್ದೇ ಆಗಿತ್ತು. ನಕ್ಷೆ ಎಷ್ಟು ಅಂದವಾಗಿ ಬಂದಿತ್ತೆಂದರೆ ನಾನು ಅದನ್ನು ಎರಡು ದಿನ ಬೋರ್ಡಿನ ಮೇಲಿಂದ ತೆಗೆಯಲಿಲ್ಲ.

ಮೂರು ತಿಂಗಳ ನಂತರ ಸೈಟಿಗೆ ಹೋದೆವು. ಜಗಲಿ ತುಂಬಿತ್ತು, ಕಿಟಕಿಯ ಚೌಕಟ್ಟುಗಳು ನಿಂತಿದ್ದವು, ಒಂಬತ್ತಿಂಚಿನ ಗೋಡೆ ಅವುಗಳ ಸುತ್ತ ಎದೆಯೆತ್ತರಕ್ಕೆ ಬಂದಿತ್ತು. ಏಳುಮಲೈ ಮೇಸ್ತ್ರಿ ಹೆಗಲ ಮೇಲಿನ ಕೆಂಪು ಟವೆಲಿನಿಂದ ಜಗಲಿಯನ್ನು ಒರೆಸಿ, "ಉಕ್ಕಾರುಂಗಮ್ಮಾ" ಎಂದ. ಗಿರಿಜಕ್ಕ ಸೆರಗು ಸರಿಮಾಡಿಕೊಂಡು, ಬಲಗಡೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತರು. ಎಡಕ್ಕೆ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈಯಲ್ಲಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ. ಕಂಡದ್ದು ಇಟ್ಟಿಗೆ. ನನ್ನ ನಲವತ್ತೈದು ಡಿಗ್ರಿಯ ಗೋಡೆ ಎದುರಿನ ಗೋಡೆಯನ್ನು ಸೇರುವ ಆ ಮೂಲೆಯ ದಪ್ಪ ಕಂಬ, ಕಣ್ಣಿಗೂ ಬಸ್ ಸ್ಟಾಪಿಗೂ ನಡುವೆ ಗೂಟ ಹೊಡೆದ ಹಾಗೆ ನಿಂತಿತ್ತು. ಓರೆ ಕಿಟಕಿಯಿಂದ ಎದುರುಮನೆಯ ಪಂಪ್ ರೂಮು ಮಾತ್ರ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

"ಸ್ವಲ್ಪ ಬಗ್ಗಿದ್ರೆ ಕಾಣ್ತದಲ್ಲ" ಎಂದರು ಅನಂತಯ್ಯ.

"ಬಗ್ಗಿ ನೋಡ್ಲಿಕ್ಕೆ ಸೌಕಾರ್‌ಪೇಟೆಯೇ ಸಾಕಿತ್ತು" ಎಂದರು ಗಿರಿಜಕ್ಕ.

ಆ ಮಾತು ಅವರು ಜೋರಾಗಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ತೀರಾ ಸಾಧಾರಣವಾಗಿ ಹೇಳಿದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ವರದನ್ ಸಾರ್, ನಕ್ಷೆಯಲ್ಲಿ ಹೇಗಿದೆಯೋ ಹಾಗೇ ಕಟ್ಟಿದೆ, ತಪ್ಪೇನಿದೆ ಎಂದರು. ಅದು ನಿಜವೇ. ಆಗ ನಾನು ನನ್ನ ಜೀವನದಲ್ಲಿ ಮೊದಲ ಸಲ ಅವರ ಎದುರು ಬಾಯಿ ಬಿಟ್ಟೆ. "ಸಾರ್, ನಕ್ಷೆಯೇ ತಪ್ಪು. ನಲವತ್ತೈದು ನಾನು ಸುಮ್ಮನೆ ಎಳೆದದ್ದು" ಎಂದೆ. ಸುಮ್ಮನೆ ಎಳೆದದ್ದು ಎಂಬ ಮಾತನ್ನು ಆರ್ಕಿಟೆಕ್ಟರ ಎದುರು ಹೇಳಬಾರದು ಎಂದು ಅವರ ಮುಖ ನೋಡಿದ ಮೇಲೆ ಗೊತ್ತಾಯಿತು.

ಹಾಗಾದರೆ ಎಷ್ಟು ಡಿಗ್ರಿ ಬೇಕು ಎಂದು ಅವರು ಕೇಳಿದರು. ಅರವತ್ತೋ, ಎಪ್ಪತ್ತೈದೋ? ನನಗೆ ತಿಳಿಯಲಿಲ್ಲ. ಅಷ್ಟು ಹೊತ್ತು ಸುಮ್ಮನೆ ವೀಳ್ಯ ಅಗಿಯುತ್ತಿದ್ದ ಏಳುಮಲೈ ಮೇಸ್ತ್ರಿ ಉಗಿದು ಬಂದು, "ಡಿಗ್ರಿ ಎಲ್ಲಾಂ ಎದುಕ್ಕು ಸಾರ್? ಅಮ್ಮಾ ಉಕ್ಕಾಂದು ಕೈ ನೀಟ್ಟಟ್ಟುಂ. ಮಿಚ್ಚತ್ತೆ ನಾನ್ ಪಾತ್ತುಕ್ಕರೇನ್" ಎಂದ. ಅಮ್ಮ ಕೂತು ಕೈ ಚಾಚಲಿ, ಉಳಿದದ್ದು ನನಗೆ ಬಿಡಿ ಎಂದು.

ಅವನು ಆ ಎಡಗಡೆಯ ಗೋಡೆಯನ್ನು ಬುಡದವರೆಗೆ ಬಿಚ್ಚಿಸಿದ. ಗಿರಿಜಕ್ಕನನ್ನು ಹಾಗೇ ಕೂರಿಸಿ, ಬಸ್ ಸ್ಟಾಪಿನ ಕಡೆ ಕೈ ಚಾಚಲು ಹೇಳಿದ. ತಾನು ಒಂದು ಸವುಕು ಮರದ ಗಳ ಹಿಡಿದು, ತುದಿಗೆ ಕೆಂಪು ಟವೆಲು ಕಟ್ಟಿ, ಅವರ ಬೆರಳಿನ ನೇರಕ್ಕೆ ಕಾಂಪೌಂಡಿನ ಹತ್ತಿರ ನೆಟ್ಟ. ಅವರ ಭುಜದ ಪಕ್ಕದಿಂದ ಆ ಗಳಕ್ಕೆ ದಾರ ಬಿಗಿದ. ದಾರಕ್ಕೆ ತನ್ನ ಮರದ ಮೂಲೆಮಟ್ಟ ಹಿಡಿದು, ಅಡ್ಡಲಾಗಿ ಸುಣ್ಣದ ಗೆರೆ ಎಳೆದ. "ಇದಾನ್ ಸೆವರು" ಎಂದ. ಗೋಡೆ ಇದೇ. ನೋಡುವ ನೋಟಕ್ಕೆ ಸರಿಯಾಗಿ ಅಡ್ಡ ನಿಂತ ಗೋಡೆ, ಅದರ ನಟ್ಟನಡುವೆ ಕಿಟಕಿ. ಇಷ್ಟೇ. ಕಾಲು ಗಂಟೆಯ ಕೆಲಸ. ಗಿರಿಜಕ್ಕ ಅಷ್ಟು ಹೊತ್ತೂ ಚಾಚಿದ ಕೈ ಇಳಿಸಲಿಲ್ಲ. ಸಾಕು ಎಂದ ಮೇಲೂ ಇಳಿಸಲಿಲ್ಲ.

ಮಾರನೆಯ ದಿನ ನಾನು ಹೋಗಿ ಆ ಗೆರೆಯನ್ನು ಅಳೆದೆ. ಅರವತ್ತೆಂಟು ಡಿಗ್ರಿ ಬಂತು. ಯಾವ ಸೆಟ್‌ಸ್ಕ್ವೇರಿನಲ್ಲೂ ಇಲ್ಲದ ಕೋನ. ವರದನ್ ಸಾರ್ ಅದನ್ನು ಎಪ್ಪತ್ತೈದು ಮಾಡಿಬಿಡೋಣ, ಇಲ್ಲ ಅರವತ್ತು ಎಂದು ಸಂಜೆಯವರೆಗೂ ಅಂಟಿಕೊಂಡರು. ಅವರಿಗೆ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಬಲಗಡೆಯ ಗೋಡೆ ನಲವತ್ತೈದರಲ್ಲೇ ಉಳಿದಿತ್ತಲ್ಲ, ಎರಡು ಕಡೆ ಸಮ ಇರಲಿಲ್ಲ. ಒಂದು ಕಿವಿ ಮಡಚಿದ ಮೊಲದ ಹಾಗಿದೆ ಎಂದರು. ಕೊನೆಗೆ ಬೇಸತ್ತು, ತಿದ್ದಿದ ಹಾಳೆಯ ಮೂಲೆಯಲ್ಲಿ 'ಬರೆದವರು' ಎಂಬ ಚೌಕದಲ್ಲಿ ನನ್ನ ಹೆಸರನ್ನೇ ಹಾಕಲು ಹೇಳಿದರು. ಅದುವರೆಗೆ ಆ ಚೌಕದಲ್ಲಿ ಅವರ ಹೆಸರೇ ಇರುತ್ತಿತ್ತು, ನಾನು 'ಟ್ರೇಸ್ ಮಾಡಿದವರು' ಅಷ್ಟೇ. ಆ ಮನೆಗೆ ಮಾತ್ರ ನಾನೇ ಕರ್ತೃ. ತಪ್ಪಿಗೊಬ್ಬ ವಾರಸುದಾರ ಬೇಕಲ್ಲ. ನಾನು ಆ ಹೆಸರನ್ನು ಎಷ್ಟು ಹೆಮ್ಮೆಯಿಂದ ಬರೆದೆ ಎಂದು ಅವರಿಗೆ ತಿಳಿಯಲಿಲ್ಲ.

ಗೃಹಪ್ರವೇಶವಾಗಿ ಎರಡು ವಾರಕ್ಕೆ, ಒಂದು ಶನಿವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಬಸ್ಸಿಂದ ಇಳಿದು ನಡೆದು ಬಂದು ಗೇಟು ತೆಗೆದು ಕರೆಗಂಟೆಗೆ ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು. ಗಿರಿಜಕ್ಕ ಕೈಯಲ್ಲಿ ಕಾಫಿ ಹಿಡಿದು ನಿಂತಿದ್ದರು. "ನೀನು ಇಳಿದದ್ದು ಕಂಡೆ. ಸೆರಗು ಬಸ್ಸಿನ ಬಾಗ್ಲಿಗೆ ಸಿಕ್ಕಿದ್ದೂ ಕಂಡೆ. ಆ ಕಂಡಕ್ಟರಿಗೆ ನೀನು ಬೈದದ್ದೂ ಕಂಡೆ" ಎಂದು ನಕ್ಕರು. ಗಂಟೆ ಒತ್ತುವ ಮೊದಲೇ ನನಗಾಗಿ ಒಂದು ಬಾಗಿಲು ತೆರೆದದ್ದು ಅದೇ ಮೊದಲು. ನಮ್ಮಮ್ಮ ಎರಡು ಸಲ ಬಡಿದರೆ, "ಯಾರೂ?" ಎಂದು ಕೂಗುವವರು.

ಆದರೆ ಯಾವ ಕೋನಕ್ಕೂ ಸಿಗದ ಒಂದು ವಿಷಯವಿತ್ತು. ಸೌಕಾರ್‌ಪೇಟೆಯಲ್ಲಿ ದಿನಕ್ಕೆ ಹತ್ತು ಜನ ಬಾಗಿಲು ಬಡಿಯುತ್ತಿದ್ದರು, ನೋಡಲು ಕಿಟಕಿ ಇರಲಿಲ್ಲ. ಇಲ್ಲಿ ಕಿಟಕಿ ಇತ್ತು, ಬರುವವರು ಇರಲಿಲ್ಲ. ಆಗಿನ ಅಣ್ಣಾ ನಗರ ಎಂದರೆ ಅಗಲ ರಸ್ತೆ, ಖಾಲಿ ಸೈಟು. ಬೇಕಾದವರೆಲ್ಲ ಪೇಟೆಯಲ್ಲೇ ಉಳಿದರು. "ಅಷ್ಟು ದೂರ ಯಾರು ಬರ್ತಾರೆ" ಎಂದರು. ಗಿರಿಜಕ್ಕ ಅದನ್ನು ಯಾರ ಬಳಿಯೂ ದೂರಲಿಲ್ಲ. ನಾನು ತಿಂಗಳಿಗೆ ಒಂದೆರಡು ಶನಿವಾರ ಹೋಗತೊಡಗಿದೆ.

ಎರಡನೆಯ ವರ್ಷ ಬಸ್ ಸ್ಟಾಪನ್ನು ಎತ್ತಿ ಬೀದಿಯ ಬಲತುದಿಗೆ ಹಾಕಿದರು. ಯಾಕೆ ಎಂದು ಕೇಳಬೇಡಿ, ಎಡಕ್ಕೆ ಹಾಕಿದ್ದು ಯಾಕೆ ಎಂದೂ ಯಾರಿಗೂ ಗೊತ್ತಿರಲಿಲ್ಲ. ನೋಟಕ್ಕೆ ದಾರ ಕಟ್ಟಿ ಎಬ್ಬಿಸಿದ ಗೋಡೆ ಈಗ ಹಳೆಯ ಸ್ಟಾಪಿನ ಖಾಲಿ ಬೇವಿನ ಮರವನ್ನು ನೋಡುತ್ತಿತ್ತು. ಬಲಗಡೆ ನನ್ನ ನಲವತ್ತೈದು ಡಿಗ್ರಿ ಹಾಗೇ ಇತ್ತು. ಅಲ್ಲಿಂದ ಕಾಣುವುದು ಪಕ್ಕದ ಮನೆಯವರ ನೀರಿನ ತೊಟ್ಟಿ.

ಮೊದಲ ಸಲ ಆ ಹೊಸ ಸ್ಟಾಪಿನಲ್ಲಿ ಇಳಿದಾಗ ನಾನು ನೇರ ಹೋಗಿ ಗಂಟೆ ಒತ್ತಿದೆ. ಗಿರಿಜಕ್ಕ ಬಾಗಿಲು ತೆರೆದು, "ಓ, ಬಂದಿಯಾ" ಎಂದರು. ಅಷ್ಟೇ. ಆ ಮಾತಿನಲ್ಲಿ ಕೊರತೆಯೇನೂ ಇರಲಿಲ್ಲ. ನನಗೇ ಏನೋ ಕಳಕೊಂಡ ಹಾಗಾಯಿತು. ಮುಂದಿನ ಸಲದಿಂದ ನಾನು ಬಲತುದಿಯಲ್ಲಿ ಇಳಿದು, ಹಿಂದಿನ ಬೀದಿ ಹಿಡಿದು, ಮದರಾಸಿನ ಸುಡುಬಿಸಿಲಿನಲ್ಲಿ ಹತ್ತು ನಿಮಿಷ ಸುತ್ತುಹಾಕಿ, ಎಡತುದಿಯ ಬೇವಿನ ಮರದ ಹತ್ತಿರ ಬಂದು, ಆಗತಾನೇ ಬಸ್ಸಿಂದ ಇಳಿದವಳಂತೆ ಸೆರಗು ಕೊಡವಿಕೊಂಡು ನಡೆದು ಬರುತ್ತಿದ್ದೆ. ಬಾಗಿಲು ಗಂಟೆಗೆ ಮೊದಲೇ ತೆರೆಯುತ್ತಿತ್ತು. ಕಾಫಿ ಸಿದ್ಧವಾಗಿರುತ್ತಿತ್ತು. ಗೋಡೆಯನ್ನು ಸರಿಯಾಗಿ ಬರೆಯಲಾರದವಳು ಇಷ್ಟಾದರೂ ಮಾಡಬೇಡವೇ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡು, ಹೀಗೆ ಐದಾರು ವರ್ಷ ನಡೆಸಿದೆ.

ನನಗೆ ಮದುವೆಯಾಗಿ ತಾಂಬರಂ ಕಡೆಗೆ ಮನೆ ಮಾಡಿದೆವು. ಇನ್ನು ಹೀಗೆ ಬರಲು ಆಗುವುದಿಲ್ಲ ಎಂದು ಹೇಳಿ ಬರಲು ಹೋದ ದಿನ ಗಿರಿಜಕ್ಕ ಆ ಜಗಲಿಯ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಫಿ ಕೊಟ್ಟರು. ಆಮೇಲೆ ಬೇವಿನ ಮರದ ಕಡೆ ನೋಡುತ್ತಾ ಹೇಳಿದರು.

"ಬಸ್ಸು ಆ ಕಡೆ ನಿಲ್ಲುವ ಶಬ್ದ ನಂಗೆ ಇಲ್ಲಿಗೆ ಕೇಳ್ತದೆ. ಆಗ ಒಲೆ ಹಚ್ಚುದು ನಾನು. ನೀನು ಸುತ್ತಿ ಬಂದು ಆ ಮರದ ಹತ್ರ ಕಾಣುವಾಗ ಹಾಲು ಉಕ್ಕಬೇಕು. ಒಂದು ದಿನವೂ ತಪ್ಲಿಲ್ಲ."

"ಗೊತ್ತಿತ್ತಾ ನಿಮಗೆ? ಮತ್ತೆ ಹೇಳಬಾರದಿತ್ತಾ ಅಕ್ಕ? ಆ ಬಿಸಿಲಲ್ಲಿ..." ಎಂದೆ.

"ಹೇಳಿದ್ರೆ ನೀನು ನೇರ ಬರ್ತಿದ್ದಿ" ಎಂದರು ಗಿರಿಜಕ್ಕ. "ಮತ್ತೆ ಈ ಕಿಟಕಿಯಲ್ಲಿ ನಾನು ಯಾರನ್ನು ನೋಡುದು?"

ನಾನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಹೇಳಿದೆ.

ಮೊನ್ನೆ ಮೇಘ ನನ್ನ ಪಕ್ಕಕ್ಕೆ ಬಂದು ನಿಂತು ಪರದೆ ನೋಡಿದಳು. ಯಾವುದೋ ಗುಂಡಿ ಒತ್ತಿ ಆ ಸ್ನ್ಯಾಪ್ ಎಂಬುದನ್ನು ಬಂದ್ ಮಾಡಿಕೊಟ್ಟಳು. ಅರವತ್ತೆಂಟು ಬಂತು, ನಿಂತಿತು. ಎರಡು ಕಡೆ ಯಾಕೆ ಬೇರೆ ಬೇರೆ, ಒಂದು ಒತ್ತಿದರೆ ಸಮ ಆಗುತ್ತದೆ ಎಂದು ಮತ್ತೆ ಕೈ ಹಾಕಲು ಬಂದಳು. ನಾನು ಅವಳ ಕೈ ಹಿಡಿದೆ. ಗೋಡೆಯ ಎಡಕ್ಕೆ, ಕಾಂಪೌಂಡಿನಿಂದ ಆಚೆ, ಬರೀ ಬಿಳಿಯಾಗಿದ್ದ ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ.

"ಅಂಗೆ ಒಣ್ಣುಮೇ ಇಲ್ಲಿಯೇ ಪಾಟಿ" ಎಂದಳು. ಅಲ್ಲಿ ಏನೂ ಇಲ್ಲವಲ್ಲ ಎಂದು.

"ಇದೆ" ಎಂದೆ. "ಅಲ್ಲಿಂದ ನಾನು ಬರ್ತೀನಿ."